ಪರ್ಯಾಯ ಸ್ಮಾರ್ಟ್‌ಫೋನ್ ಕಾರ್ಯಾಚರಣ ವ್ಯವಸ್ಥೆಗಳು: ಭದ್ರತೆ, ಖಾಸಗಿತನ ಮತ್ತು ಸ್ವಾಯತ್ತತೆಯ ಚಾರಿತ್ರಿಕ ವಿವೇಚನೆ

ಭಾರತದಲ್ಲಿ ದೂರವಾಣಿಯ ಚರಿತ್ರೆಯನ್ನು ಬರೆದವರು ಹೆಚ್ಚಾಗಿ ಸಂಪರ್ಕದ ವಿಸ್ತರಣೆಯನ್ನು ಕುರಿತು ಬರೆದಿದ್ದಾರೆ. ಉಪಕರಣದ ಒಡೆತನವನ್ನು ಕುರಿತು ಬರೆದವರು ವಿರಳ. ಅಂಚೆ ಮತ್ತು ತಂತಿ ಇಲಾಖೆಯ ಕಾಲದಲ್ಲಿ ಮನೆಯ ಪಡಸಾಲೆಯಲ್ಲಿರುತ್ತಿದ್ದ ಕಪ್ಪು ದೂರವಾಣಿಯು ಚಂದಾದಾರನದಾಗಿರದೆ ಇಲಾಖೆಯ ಸ್ವತ್ತಾಗಿತ್ತು. ಅದನ್ನು ಬಿಚ್ಚುವ, ದುರಸ್ತಿ ಮಾಡುವ, ಬದಲಿಸುವ ಅಧಿಕಾರ ಇಲಾಖೆಯದೇ. ಚಂದಾದಾರನು ಬಾಡಿಗೆ ಕೊಡುವವನು ಮಾತ್ರ. ಈ ಸಂಬಂಧದಲ್ಲಿ ಮುಚ್ಚುಮರೆಯಿರಲಿಲ್ಲ. ಇಂದಿನ ಸ್ಮಾರ್ಟ್‌ಫೋನಾದರೋ ಪೂರ್ಣ ಬೆಲೆ ತೆತ್ತು ಕೊಂಡ ವಸ್ತು. ಆದರೂ ಅದರೊಳಗೆ ಯಾವ ತಂತ್ರಾಂಶ ಇರಬೇಕು, ಅದು ಯಾವಾಗ ಬದಲಾಗಬೇಕು, ಯಾರಿಗೆ ಯಾವ ಮಾಹಿತಿಯನ್ನು ಕಳುಹಿಸಬೇಕು ಎಂಬುದನ್ನು ಕೊಂಡವನು ನಿರ್ಧರಿಸುವುದಿಲ್ಲ. ಈ ನಿರ್ಧಾರಗಳೆಲ್ಲ ನಡೆಯುವ ಜಾಗವೇ ಕಾರ್ಯಾಚರಣ ವ್ಯವಸ್ಥೆ. ಗೂಗಲ್ ಹಾಗೂ ಆಪಲ್ ಸಂಸ್ಥೆಗಳ ವ್ಯವಸ್ಥೆಗಳಿಗೆ ಪರ್ಯಾಯವಾಗಿ ಹುಟ್ಟಿದ ಪ್ರಯತ್ನಗಳ ಕಳೆದ ಎರಡು ದಶಕಗಳ ಚರಿತ್ರೆಯು, ಈ ಕಾರಣದಿಂದ, ತಂತ್ರಜ್ಞಾನದ ಚರಿತ್ರೆಯಷ್ಟೇ ಒಡೆತನದ ಚರಿತ್ರೆಯೂ ಆಗಿದೆ.

ಪರ್ಯಾಯ ವ್ಯವಸ್ಥೆಗಳನ್ನು ಕುರಿತ ಬರಹಗಳಲ್ಲಿ ಭದ್ರತೆ, ಖಾಸಗಿತನ, ಸ್ವಾಯತ್ತತೆ ಎಂಬ ಮೂರು ಪದಗಳು ಒಂದೇ ಉಸಿರಿನಲ್ಲಿ ಬರುವುದುಂಟು. ಇವು ಒಂದೇ ಅಲ್ಲ. ಹೊರಗಿನವನು ಅನುಮತಿಯಿಲ್ಲದೆ ಒಳನುಗ್ಗದಂತೆ ತಡೆಯುವುದು ಭದ್ರತೆ. ಅನುಮತಿ ಪಡೆದೇ ಒಳಗಿರುವವನು, ಅಂದರೆ ತಯಾರಕನೋ ಸೇವಾದಾತನೋ, ಏನನ್ನು ಕಾಣಬಹುದು ಎಂಬುದಕ್ಕೆ ಮಿತಿ ಹಾಕುವುದು ಖಾಸಗಿತನ. ಬೇರೊಬ್ಬನ ಕೃಪೆಯಿಲ್ಲದೆ ಉಪಕರಣವು ನಡೆಯುತ್ತಿರುವುದು ಸ್ವಾಯತ್ತತೆ. ಭದ್ರವಾದ ಕೋಟೆಯೊಳಗೆ ಖಾಸಗಿತನವಿಲ್ಲದೆ ಇರಬಹುದು. ಸ್ವತಂತ್ರವಾದ ಗುಡಿಸಲಿಗೆ ಬೀಗವೇ ಇಲ್ಲದಿರಬಹುದು. ಈ ಮೂರೂ ಒಂದನ್ನೊಂದು ಎಳೆದಾಡಿದ ಸಂದರ್ಭಗಳೇ ಈ ಚರಿತ್ರೆಯ ಮುಖ್ಯ ಘಟ್ಟಗಳು. ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠವು 2017ರ ಆಗಸ್ಟ್ 24ರಂದು ಸಾರಿದ ತೀರ್ಪು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರ ಹೆಸರಿನಲ್ಲಿದೆ ಎಂಬುದನ್ನು ಇಲ್ಲಿ ನೆನೆಯಬೇಕು. ಆ ತೀರ್ಪು ಹಕ್ಕನ್ನು ಸ್ಥಾಪಿಸಿತು. ಕಿಸೆಯಲ್ಲಿರುವ ಉಪಕರಣದಲ್ಲಿ ಆ ಹಕ್ಕು ಹೇಗೆ ನೆಲೆಗೊಳ್ಳಬೇಕು ಎಂಬುದು ನ್ಯಾಯಾಲಯದ ಮುಂದಿದ್ದ ಪ್ರಶ್ನೆಯಾಗಿರಲಿಲ್ಲ.

2007ರ ಜನವರಿಯಲ್ಲಿ ಆಪಲ್ ಸಂಸ್ಥೆಯು ಐಫೋನನ್ನು ಪ್ರಕಟಿಸಿತು. ಅದೇ ವರ್ಷದ ನವೆಂಬರ್ 5ರಂದು ಗೂಗಲ್ ಮುಂದಾಳತ್ವದ ಓಪನ್ ಹ್ಯಾಂಡ್‌ಸೆಟ್ ಅಲಯನ್ಸ್ ಆಂಡ್ರಾಯ್ಡ್ ವ್ಯವಸ್ಥೆಯನ್ನು ಘೋಷಿಸಿತು. ಆಂಡ್ರಾಯ್ಡ್ ಎಂಬ ಸಂಸ್ಥೆ 2003ರಲ್ಲಿ ಹುಟ್ಟಿ 2005ರಲ್ಲಿ ಗೂಗಲಿನ ವಶಕ್ಕೆ ಬಂದದ್ದು. ಅದರ ಮೊದಲ ಫೋನು 2008ರ ಅಕ್ಟೋಬರಿನಲ್ಲಿ ಮಾರುಕಟ್ಟೆಗೆ ಬಂದಿತು. ಆಂಡ್ರಾಯ್ಡ್‌ನ ತಳದಲ್ಲಿರುವ ಲಿನಕ್ಸ್ ಕರ್ನೆಲ್ ಜಿಪಿಎಲ್ ಪರವಾನಗಿಯದು. ಮೇಲಿನ ಬಹುಪಾಲು ಭಾಗ ಅಪಾಚೆ ಪರವಾನಗಿಯದು. ಯಾರು ಬೇಕಾದರೂ ಆಕರ ಸಂಕೇತವನ್ನು ಪಡೆದು ತಮ್ಮದೇ ವ್ಯವಸ್ಥೆಯನ್ನು ಕಟ್ಟಬಹುದು. ಆದರೆ ಆ್ಯಪ್ ಅಂಗಡಿ, ನಕಾಶೆ, ಸಂದೇಶಗಳನ್ನು ತಳ್ಳುವ ಸೇವೆ ಮುಂತಾದವು ಈ ಮುಕ್ತ ಭಾಗದಲ್ಲಿಲ್ಲ. ಅವು ಗೂಗಲಿನ ಸ್ವಂತ ತಂತ್ರಾಂಶಗಳು. ಬೇರೆ ಒಪ್ಪಂದದ ಮೇಲೆ ತಯಾರಕರಿಗೆ ದೊರಕುವಂಥವು. ಗದ್ದೆಯನ್ನು ಊರಿಗೆಲ್ಲ ಬಿಟ್ಟುಕೊಟ್ಟು ಕಾಲುವೆಯ ತೂಬನ್ನು ಕೈಯಲ್ಲಿಟ್ಟುಕೊಂಡಂತಹ ಈ ಏರ್ಪಾಡನ್ನು ಗ್ರಹಿಸದೆ ಮುಂದಿನ ಘಟನೆಗಳು ಅರ್ಥವಾಗುವುದಿಲ್ಲ.

ಆಂಡ್ರಾಯ್ಡ್ ಫೋನು ಹೊರಬರುವ ಮೊದಲೇ ಪೂರ್ಣ ಮುಕ್ತ ಫೋನಿನ ಕನಸು ತೈವಾನಿನಲ್ಲಿ ರೂಪುಗೊಂಡಿತ್ತು. ಓಪನ್‌ಮೋಕೋ ಯೋಜನೆಯು 2007ರಲ್ಲಿ ನಿಯೋ 1973 ಎಂಬ ಉಪಕರಣವನ್ನೂ 2008ರಲ್ಲಿ ಫ್ರೀರನ್ನರ್ ಎಂಬುದನ್ನೂ ಹೊರತಂದಿತು. ಮೊದಲನೆಯದರ ಹೆಸರಿನಲ್ಲಿರುವ ವರ್ಷ ಕೈಯಲ್ಲಿ ಹಿಡಿಯುವ ಸಂಚಾರಿ ದೂರವಾಣಿಯಿಂದ ಮೊದಲ ಕರೆ ಹೋದ ವರ್ಷ. ತಂತ್ರಾಂಶದ ಬಹುಭಾಗವನ್ನು ಓದಬಹುದಾಗಿದ್ದ ಆ ಫೋನಿನಲ್ಲಿ ಕರೆ ಮಾಡಿದರೆ ಗುಂಯ್‌ಗುಡುವ ಸದ್ದು ಕೇಳಿಸುತ್ತಿತ್ತು. ಅದನ್ನು ನಿವಾರಿಸಲು ಫಲಕದ ಮೇಲೆ ಬೆಸುಗೆ ಹಾಕಬೇಕಾಗುತ್ತಿತ್ತು. 2009ರಲ್ಲಿ ಸಂಸ್ಥೆಯು ಫೋನು ತಯಾರಿಕೆಯಿಂದ ಹಿಂದೆ ಸರಿಯಿತು. ತತ್ತ್ವ ಸರಿಯಾಗಿದ್ದರೂ ವಸ್ತು ಕೆಲಸಕ್ಕೆ ಬಾರದಿದ್ದರೆ ಜನರು ತತ್ತ್ವವನ್ನೂ ಕೈಬಿಡುತ್ತಾರೆಂಬುದಕ್ಕೆ ಇದು ಆರಂಭದ ಉದಾಹರಣೆ.

ಹೆಚ್ಚು ಕಾಲ ಬಾಳಿದ್ದು ಆಂಡ್ರಾಯ್ಡ್‌ನ ಒಳಗಿನಿಂದಲೇ ಹುಟ್ಟಿದ ಪರಂಪರೆ. ಸ್ಟೀವ್ ಕೊಂಡಿಕ್ ಅವರು 2009ರಲ್ಲಿ ಆರಂಭಿಸಿದ ಸಯನೋಜನ್‌ಮಾಡ್ ತಯಾರಕರ ವ್ಯವಸ್ಥೆಯನ್ನು ತೆಗೆದು ಆ ಜಾಗದಲ್ಲಿ ಕೂರಿಸಬಹುದಾದ ಆಂಡ್ರಾಯ್ಡ್ ಆವೃತ್ತಿಯಾಗಿತ್ತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಗೂಗಲಿನ ಆ್ಯಪ್‌ಗಳನ್ನು ಅನುಮತಿಯಿಲ್ಲದೆ ಹಂಚುವುದನ್ನು ನಿಲ್ಲಿಸಬೇಕೆಂಬ ಕಾನೂನು ಪತ್ರ ಗೂಗಲಿನಿಂದ ಬಂದಿತು. ಅಲ್ಲಿಂದ ಮುಂದೆ ಮುಕ್ತ ಭಾಗವನ್ನು ಯೋಜನೆಯೇ ಹಂಚುವುದು, ಗೂಗಲಿನ ಭಾಗವನ್ನು ಬಳಕೆದಾರನೇ ಪ್ರತ್ಯೇಕವಾಗಿ ಸೇರಿಸಿಕೊಳ್ಳುವುದು ಎಂಬ ರೂಢಿ ಬೆಳೆಯಿತು. ಪರ್ಯಾಯ ವ್ಯವಸ್ಥೆಗಳ ಬಳಕೆದಾರರಲ್ಲಿ ಬಹಳ ಮಂದಿ ತಾವು ತೊರೆದುಬಂದ ಮನೆಯ ಸಾಮಾನುಗಳನ್ನೇ ಹೊಸ ಮನೆಗೆ ಹೊತ್ತುತಂದದ್ದು ಹೀಗೆ.

2013ರಲ್ಲಿ ಸಯನೋಜನ್ ಒಂದು ವಾಣಿಜ್ಯ ಸಂಸ್ಥೆಯಾಯಿತು. ಅದರ ವಾಣಿಜ್ಯ ಜೀವನದ ಮುಖ್ಯ ಪ್ರಸಂಗವೊಂದು ನಡೆದದ್ದು ಭಾರತದಲ್ಲಿ. ಸಯನೋಜನ್ ವ್ಯವಸ್ಥೆಯುಳ್ಳ ಒನ್‌ಪ್ಲಸ್ ಒನ್ ಫೋನು 2014ರ ಡಿಸೆಂಬರಿನಲ್ಲಿ ಇಲ್ಲಿ ಮಾರಾಟಕ್ಕೆ ಬರುವ ವೇಳೆಗೆ, ಅದೇ ವ್ಯವಸ್ಥೆಯ ಭಾರತದ ಹಕ್ಕನ್ನು ಮೈಕ್ರೋಮ್ಯಾಕ್ಸ್ ಸಂಸ್ಥೆಗೆ ಮಾತ್ರ ಕೊಡುವ ಒಪ್ಪಂದವಾಗಿತ್ತು. ಮೈಕ್ರೋಮ್ಯಾಕ್ಸ್ ದೆಹಲಿ ಉಚ್ಚ ನ್ಯಾಯಾಲಯಕ್ಕೆ ಹೋಗಿ ಆ ತಿಂಗಳ ನಡುವಿನಲ್ಲಿ ತಡೆಯಾಜ್ಞೆ ತಂದಿತು. ಕೆಲವೇ ದಿನಗಳಲ್ಲಿ ವಿಭಾಗೀಯ ಪೀಠವು ಅದನ್ನು ತೆರವುಗೊಳಿಸಿತು. ಈ ವ್ಯಾಜ್ಯದ ಅಂತಿಮ ಫಲಕ್ಕಿಂತ ಅದು ಬಯಲು ಮಾಡಿದ ವಾಸ್ತವವೇ ಹೆಚ್ಚು ಮುಖ್ಯವಾದುದು. ಆಕರ ಸಂಕೇತ ಮುಕ್ತವಾಗಿದ್ದರೂ ಹೆಸರು, ಚಿಹ್ನೆ ಮತ್ತು ಪರಿಷ್ಕರಣೆಗಳನ್ನು ಕಳುಹಿಸುವ ಹಕ್ಕು ಮುಕ್ತವಾಗಿರಲಿಲ್ಲ. ಒನ್‌ಪ್ಲಸ್ ಮರುವರ್ಷ ತನ್ನದೇ ವ್ಯವಸ್ಥೆಯನ್ನು ರೂಪಿಸಿಕೊಂಡಿತು. 2016ರ ಡಿಸೆಂಬರಿನಲ್ಲಿ ಸಯನೋಜನ್ ತನ್ನ ಸೇವೆಗಳನ್ನು ಮುಚ್ಚುವುದಾಗಿ ಪ್ರಕಟಿಸಿದಾಗ ಸ್ವಯಂಸೇವಕರು ಸಂಕೇತವನ್ನು ಎತ್ತಿಕೊಂಡು ಲಿನಿಯೇಜ್ ಓಎಸ್ ಎಂಬ ಹೊಸ ಹೆಸರಿನಲ್ಲಿ ಮುಂದುವರಿಸಿದರು. ಸಂಸ್ಥೆ ಸತ್ತರೂ ಸಂಕೇತ ಉಳಿಯಿತು. ಮುಕ್ತ ಪರವಾನಗಿ ತನ್ನ ಮಾತನ್ನು ಉಳಿಸಿಕೊಂಡದ್ದು ಇಷ್ಟರ ಮಟ್ಟಿಗೆ.

ತಯಾರಕರ ಪಾಲಿಗೆ ಈ ಸ್ವಾತಂತ್ರ್ಯವೂ ದುಬಾರಿಯಾಗಿತ್ತು. 2012ರ ಸೆಪ್ಟೆಂಬರಿನಲ್ಲಿ ಏಸರ್ ಸಂಸ್ಥೆಯು ಅಲಿಬಾಬಾ ಸಮೂಹದ ಅಲಿಯುನ್ ವ್ಯವಸ್ಥೆಯುಳ್ಳ ಫೋನನ್ನು ಶಾಂಘೈಯಲ್ಲಿ ಬಿಡುಗಡೆ ಮಾಡಲು ಹೊರಟು ಗೂಗಲಿನ ಆಕ್ಷೇಪದಿಂದಾಗಿ ಕೊನೆಯ ಗಳಿಗೆಯಲ್ಲಿ ಸಮಾರಂಭವನ್ನೇ ರದ್ದುಮಾಡಿತು. ಗೂಗಲಿನ ಆ್ಯಪ್‌ಗಳು ಬೇಕೆಂದಿದ್ದ ತಯಾರಕರು ಮಾನ್ಯತೆಯಿಲ್ಲದ ಆಂಡ್ರಾಯ್ಡ್ ಕವಲುಗಳನ್ನು ಯಾವ ಫೋನಿನಲ್ಲಿಯೂ ಮಾರಬಾರದೆಂಬ ಕರಾರು ಇದಕ್ಕೆ ಹಿನ್ನೆಲೆ. ಈ ಕರಾರೂ ಸೇರಿದಂತೆ ಹಲವು ಕಾರಣಗಳಿಗಾಗಿ ಐರೋಪ್ಯ ಆಯೋಗವು 2018ರ ಜುಲೈಯಲ್ಲಿ ಗೂಗಲಿಗೆ 434 ಕೋಟಿ ಯೂರೋ ದಂಡ ವಿಧಿಸಿತು. 2022ರಲ್ಲಿ ಅಲ್ಲಿನ ಜನರಲ್ ಕೋರ್ಟ್ ಅದನ್ನು 412.5 ಕೋಟಿಗೆ ಇಳಿಸಿತು. ಭಾರತದ ಸ್ಪರ್ಧಾ ಆಯೋಗವು 2022ರ ಅಕ್ಟೋಬರ್ 20ರಂದು ಇಂಥದೇ ಪ್ರಕರಣದಲ್ಲಿ ರೂ. 1,337.76 ಕೋಟಿ ದಂಡ ವಿಧಿಸಿತು. ರಾಷ್ಟ್ರೀಯ ಕಂಪನಿ ಕಾನೂನು ಮೇಲ್ಮನವಿ ನ್ಯಾಯಮಂಡಳಿಯು 2023ರ ಮಾರ್ಚಿನಲ್ಲಿ ದಂಡವನ್ನು ಎತ್ತಿಹಿಡಿದು ಆಯೋಗದ ನಿರ್ದೇಶನಗಳಲ್ಲಿ ನಾಲ್ಕನ್ನು ತಳ್ಳಿಹಾಕಿತು. ದಂಡದ ಮೊತ್ತ ಪತ್ರಿಕೆಗಳ ಗಮನ ಸೆಳೆಯಿತು. ಪರ್ಯಾಯ ವ್ಯವಸ್ಥೆಗಳ ದೃಷ್ಟಿಯಿಂದ ನೋಡಿದರೆ ಕವಲುಗಳ ಮೇಲಿನ ನಿರ್ಬಂಧವನ್ನು ಒಂದು ಶಾಸನಬದ್ಧ ಸಂಸ್ಥೆ ತಪ್ಪೆಂದು ಕರೆದುದೇ ದೊಡ್ಡ ಸಂಗತಿ.

ಬಡವರ ಫೋನಿನ ಕಥೆ ಬೇರೆ ದಾರಿಯಲ್ಲಿ ಸಾಗಿತು. ಮೊಜಿಲ್ಲಾ ಸಂಸ್ಥೆಯು 2011ರಲ್ಲಿ ಆರಂಭಿಸಿ 2013ರಲ್ಲಿ ಮಾರುಕಟ್ಟೆಗೆ ತಂದ ಫೈರ್‌ಫಾಕ್ಸ್ ಓಎಸ್‌ನಲ್ಲಿ ಪ್ರತಿಯೊಂದು ಆ್ಯಪ್ ಜಾಲಪುಟದ ತಂತ್ರಜ್ಞಾನದಲ್ಲಿಯೇ ಬರೆದದ್ದು. ಯಾರ ಅಂಗಡಿಯ ಹಂಗೂ ಬೇಡವೆಂಬುದು ಅದರ ಆದರ್ಶ. 2014ರ ಆಗಸ್ಟ್‌ನಲ್ಲಿ ಇಂಟೆಕ್ಸ್ ಸಂಸ್ಥೆ ಈ ವ್ಯವಸ್ಥೆಯುಳ್ಳ ಕ್ಲೌಡ್ ಎಫ್‌ಎಕ್ಸ್ ಫೋನನ್ನು ಭಾರತದಲ್ಲಿ ರೂ. 1,999ಕ್ಕೆ ಮಾರಿತು. 128 ಎಂಬಿ ಸ್ಮರಣೆಯ ಆ ಫೋನು ನಿಧಾನವಾಗಿತ್ತು. ಜನರಿಗೆ ಅತ್ಯಗತ್ಯವಾಗಿದ್ದ ವಾಟ್ಸ್‌ಆ್ಯಪ್ ಅಧಿಕೃತವಾಗಿ ಅದರಲ್ಲಿ ಇರಲಿಲ್ಲ. 2015ರ ಡಿಸೆಂಬರಿನಲ್ಲಿ ಮೊಜಿಲ್ಲಾ ಫೋನುಗಳ ಪ್ರಯತ್ನವನ್ನು ನಿಲ್ಲಿಸುವುದಾಗಿ ಹೇಳಿತು. ಆದರೆ ಅದರ ಸಂಕೇತದಿಂದ ಕವಲೊಡೆದ ಕೈಓಎಸ್, 2017ರಲ್ಲಿ ಘೋಷಿತವಾದ ಜಿಯೋಫೋನಿನ ಮೂಲಕ ರೂ. 1,500ರ ಠೇವಣಿಗೆ ಭಾರತದ ಹಳ್ಳಿಹಳ್ಳಿಗಳನ್ನು ಮುಟ್ಟಿತು. ಆ ಫೋನು ಒಂದೇ ಸಂಸ್ಥೆಯ ಜಾಲಕ್ಕೆ ಬಿಗಿಯಲ್ಪಟ್ಟಿತ್ತು. 2018ರಲ್ಲಿ ಗೂಗಲ್ ಕೈಓಎಸ್‌ನಲ್ಲಿ 2.2 ಕೋಟಿ ಡಾಲರ್ ಹೂಡಿತು. ಮುಕ್ತ ಜಾಲದ ಆದರ್ಶದಿಂದ ಹುಟ್ಟಿದ ಸಂಕೇತವು ಜನಸಾಮಾನ್ಯರನ್ನು ತಲುಪಿದ್ದು ಆ ಆದರ್ಶವನ್ನು ಕಳಚಿಟ್ಟ ಮೇಲೆಯೇ. ಮಾರುಕಟ್ಟೆಯ ದೃಷ್ಟಿಯಲ್ಲಿ ಅತ್ಯಂತ ಯಶಸ್ವಿ ಪರ್ಯಾಯಗಳಲ್ಲಿ ಒಂದಾದ ಕೈಓಎಸ್ ಸ್ವಾಯತ್ತತೆಯ ದೃಷ್ಟಿಯಲ್ಲಿ ಪರ್ಯಾಯವೇ ಅಲ್ಲ.

ಸ್ವಾಯತ್ತತೆಯ ಕೊರತೆಯನ್ನು ಕನ್ನಡ ಓದುಗರು ಮೊದಲು ಅನುಭವಿಸಿದ್ದು ಲಿಪಿಯ ಮೂಲಕ. ಆಂಡ್ರಾಯ್ಡ್‌ನ 4.1ನೇ ಆವೃತ್ತಿಯು 2012ರಲ್ಲಿ ಬರುವ ತನಕ ಮೂಲ ವ್ಯವಸ್ಥೆಯಲ್ಲಿ ಕನ್ನಡ, ತೆಲುಗು, ಮಲಯಾಳಂ ಲಿಪಿಗಳಿಗೆ ಬೆಂಬಲವಿರಲಿಲ್ಲ. ಅಕ್ಷರವಿನ್ಯಾಸದ ಕಡತಗಳಿರುವುದು ವ್ಯವಸ್ಥೆಯ ಭಾಗದಲ್ಲಿ. ಆ ಭಾಗಕ್ಕೆ ಬಳಕೆದಾರನು ಏನನ್ನೂ ಬರೆಯುವಂತಿಲ್ಲ. ಹೀಗಾಗಿ ಹಳೆಯ ಆವೃತ್ತಿಗೆ ನಿಂತುಹೋದ ಫೋನಿನಲ್ಲಿ ಕನ್ನಡ ಚೌಕಗಳಾಗಿ ಕಾಣುತ್ತಿತ್ತು. ಅದನ್ನು ಸರಿಪಡಿಸಲು ತಯಾರಕನು ಮನಸ್ಸು ಮಾಡಬೇಕಿತ್ತು, ಇಲ್ಲವೇ ಫೋನಿನ ಬೀಗವನ್ನು ಒಡೆಯಬೇಕಿತ್ತು. ತನ್ನ ಭಾಷೆಯನ್ನು ಓದಲು ಬೀಗ ಒಡೆಯಬೇಕಾದ ಸ್ಥಿತಿಯನ್ನು ಭದ್ರತೆಯ ಹೆಸರಿನಲ್ಲಿ ಸಮರ್ಥಿಸುವುದು ಕಷ್ಟ. ಆದರೆ ಆ ಬೀಗಕ್ಕೆ ಸಕಾರಣವಿಲ್ಲವೆಂದೂ ಹೇಳುವಂತಿಲ್ಲ.

ಆ ಕಾರಣವನ್ನು ತಿಳಿಯಲು 2015ರ ಸ್ಟೇಜ್‌ಫ್ರೈಟ್ ಪ್ರಕರಣವನ್ನು ನೋಡಬೇಕು. ದೃಶ್ಯ-ಶ್ರವ್ಯ ಕಡತಗಳನ್ನು ಓದುವ ಭಾಗದಲ್ಲಿದ್ದ ದೋಷಗಳಿಂದಾಗಿ ಒಂದು ಬಹುಮಾಧ್ಯಮ ಸಂದೇಶದ ಮೂಲಕವೇ ಫೋನಿನೊಳಗೆ ನುಗ್ಗಬಹುದೆಂದು ಆ ವರ್ಷದ ಜುಲೈಯಲ್ಲಿ ಬಯಲಾಯಿತು. ಸುಮಾರು 95 ಕೋಟಿ ಉಪಕರಣಗಳು ಅಪಾಯದಲ್ಲಿವೆಯೆಂದು ಅದನ್ನು ಪತ್ತೆಹಚ್ಚಿದ ಸಂಸ್ಥೆ ಅಂದಾಜಿಸಿತ್ತು. ಗೂಗಲ್ ದೋಷವನ್ನು ತಿದ್ದಿದರೂ ಆ ತಿದ್ದುಪಡಿಯು ಚಿಪ್ ತಯಾರಕ, ಫೋನು ತಯಾರಕ, ಕೆಲವೆಡೆ ಸೇವಾದಾತ ಎಂಬ ಮೆಟ್ಟಿಲುಗಳನ್ನು ಇಳಿದು ಬಳಕೆದಾರನನ್ನು ತಲುಪಬೇಕಿತ್ತು. ಮಾಸಿಕ ಭದ್ರತಾ ಪರಿಷ್ಕರಣೆಯ ಪದ್ಧತಿ ಆರಂಭವಾದದ್ದು ಈ ಪ್ರಕರಣದ ನಂತರ. ತಯಾರಕರು ಕೈಬಿಟ್ಟ ಫೋನುಗಳಿಗೆ ಲಿನಿಯೇಜ್ ಓಎಸ್ ಇಂತಹ ತಿದ್ದುಪಡಿಗಳನ್ನು ಒದಗಿಸುತ್ತಾ ಬಂದಿದೆ. ಇದು ಅದರ ನಿಜವಾದ ಉಪಕಾರ.

ಆ ಉಪಕಾರಕ್ಕೂ ಮಿತಿಯಿದೆ. ಫೋನಿನ ಮೋಡೆಮ್, ಚಿತ್ರ ಸಂಸ್ಕಾರಕ ಮುಂತಾದವುಗಳ ಒಳ ತಂತ್ರಾಂಶವು ಚಿಪ್ ತಯಾರಕರ ಗುಟ್ಟು. ಅವರು ತಿದ್ದುವುದನ್ನು ನಿಲ್ಲಿಸಿದರೆ ಬೇರೆ ಯಾರೂ ತಿದ್ದಲಾರರು. ಇನ್ನೊಂದು ಮಿತಿ ಹೆಚ್ಚು ಮೂಲಭೂತವಾದುದು. ಆಧುನಿಕ ಫೋನು ಚಾಲನೆಗೊಳ್ಳುವಾಗ ಪ್ರತಿಯೊಂದು ಹಂತವೂ ಮುಂದಿನ ಹಂತದ ತಂತ್ರಾಂಶದ ಮೇಲಿನ ಗೂಢಲಿಪಿ ಸಹಿಯನ್ನು ಪರಿಶೀಲಿಸುತ್ತದೆ; ಸಹಿ ಹೊಂದದಿದ್ದರೆ ನಡೆಯಲು ಬಿಡುವುದಿಲ್ಲ. ಯಾರಾದರೂ ವ್ಯವಸ್ಥೆಯನ್ನು ಗುಟ್ಟಾಗಿ ತಿದ್ದಿದ್ದರೆ ಸಿಕ್ಕಿಬೀಳುವುದು ಇಲ್ಲಿಯೇ. ಪರ್ಯಾಯ ವ್ಯವಸ್ಥೆಯನ್ನು ಕೂರಿಸಲು ಈ ಬೀಗವನ್ನು ತೆರೆಯಲೇಬೇಕು. ಬಹಳಷ್ಟು ಫೋನುಗಳಲ್ಲಿ ತೆರೆದ ಬೀಗವನ್ನು ಹೊಸ ವ್ಯವಸ್ಥೆಯ ಸಹಿಗೆ ಹೊಂದಿಸಿ ಮತ್ತೆ ಮುಚ್ಚಲಾಗುವುದಿಲ್ಲ. ಹೀಗೆ ಸ್ವಾಯತ್ತತೆ ಗಳಿಸಿದ ಫೋನು ಕದ್ದವನ ಕೈಗೆ ಅಥವಾ ತಪಾಸಣೆಗಾರನ ಕೈಗೆ ಸಿಕ್ಕಾಗ ದುರ್ಬಲವಾಗಿರುತ್ತದೆ.

ಈ ಗಂಟನ್ನು ಬಿಡಿಸಲು ನಡೆದ ಅತ್ಯಂತ ಗಂಭೀರ ಪ್ರಯತ್ನ ಕೆನಡಾದಲ್ಲಿ ಮೊಳೆಯಿತು. ಡೇನಿಯಲ್ ಮಿಕೇ ಅವರು 2014ರ ವೇಳೆಗೆ ಆಂಡ್ರಾಯ್ಡ್‌ನ ಭದ್ರತೆಯನ್ನು ಬಲಪಡಿಸುವ ಕೆಲಸವನ್ನು ಆರಂಭಿಸಿದ್ದರು. 2015ರಲ್ಲಿ ಜೇಮ್ಸ್ ಡೊನಾಲ್ಡ್‌ಸನ್ ಅವರೊಡನೆ ಸೇರಿ ಟೊರಾಂಟೊದಲ್ಲಿ ಕಾಪರ್‌ಹೆಡ್ ಎಂಬ ಸಂಸ್ಥೆ ಸ್ಥಾಪಿತವಾಯಿತು. ಸಂಸ್ಥೆಯ ಉಳಿವಿಗೆ ಹಣ ಬೇಕಾಗಿ 2016ರಲ್ಲಿ ಕಾಪರ್‌ಹೆಡ್ ಓಎಸ್‌ನ ಪರವಾನಗಿಯು ವಾಣಿಜ್ಯ ಬಳಕೆಯನ್ನು ನಿರ್ಬಂಧಿಸುವಂಥದಾಯಿತು. 2018ರಲ್ಲಿ ಸಂಸ್ಥಾಪಕರಿಬ್ಬರ ನಡುವೆ ಒಡಕು ಮೂಡಿತು. ಯೋಜನೆಯ ಒಡೆತನ ಯಾರದು, ಸಹಿಯ ಕೀಲಿ ಯಾರ ವಶದಲ್ಲಿರಬೇಕು ಎಂಬ ವಿಷಯದಲ್ಲಿ ಇಬ್ಬರ ನಿಲುವೂ ಭಿನ್ನವಾಗಿತ್ತು. ಕೀಲಿ ಕೈಯಲ್ಲಿದ್ದವನು ಹೊಸ ಪರಿಷ್ಕರಣೆಯ ಹೆಸರಿನಲ್ಲಿ ಎಲ್ಲ ಬಳಕೆದಾರರ ಫೋನುಗಳಿಗೂ ಯಾವ ತಂತ್ರಾಂಶವನ್ನಾದರೂ ಕಳುಹಿಸಬಲ್ಲ. ಫೋನು ಅದನ್ನು ಪ್ರಶ್ನಿಸದೆ ಒಪ್ಪಿಕೊಳ್ಳುತ್ತದೆ. ಆ ವರ್ಷದ ಜೂನಿನಲ್ಲಿ ಮಿಕೇ ಅವರು ಸಹಿಯ ಕೀಲಿಗಳನ್ನು ನಾಶಪಡಿಸಿದರು. ಆ ಕ್ಷಣದಿಂದ ಅಸ್ತಿತ್ವದಲ್ಲಿದ್ದ ಫೋನುಗಳಿಗೆ ಆ ಸಹಿಯ ಪರಿಷ್ಕರಣೆ ಬರುವುದು ಅಸಾಧ್ಯವಾಯಿತು.

ಈ ಕೃತ್ಯವನ್ನು ಕುರಿತು ಎರಡು ಅಭಿಪ್ರಾಯಗಳಿವೆ. ಬಳಕೆದಾರರನ್ನು ನಡುನೀರಿನಲ್ಲಿ ಬಿಟ್ಟಂತಾಯಿತೆಂದು ಕೆಲವರು, ಅವರನ್ನು ಕಾಪಾಡಿದಂತಾಯಿತೆಂದು ಕೆಲವರು ಹೇಳುತ್ತಾರೆ. ಎರಡರಲ್ಲಿಯೂ ಸತ್ಯಾಂಶವಿದೆ. ಚರಿತ್ರೆಯ ದೃಷ್ಟಿಯಿಂದ ಗಮನಾರ್ಹವಾದುದೆಂದರೆ, ಆಕರ ಸಂಕೇತವನ್ನು ಸಾವಿರ ಕಣ್ಣುಗಳು ಓದಬಲ್ಲವಾದರೂ ನಂಬಿಕೆಯು ಕಟ್ಟಕಡೆಗೆ ಒಂದೆರಡು ಕೀಲಿಗಳ ಮೇಲೆ, ಅವನ್ನು ಹಿಡಿದ ಒಂದೆರಡು ಕೈಗಳ ಮೇಲೆ ನಿಂತಿತ್ತೆಂಬುದು ಅಂದು ಬಯಲಾಯಿತು. ಮುಕ್ತ ತಂತ್ರಾಂಶದ ಸಾಹಿತ್ಯದಲ್ಲಿ ಪರವಾನಗಿಗಳ ಬಗ್ಗೆ ನಡೆದಷ್ಟು ಚರ್ಚೆ ಕೀಲಿಗಳ ಬಗ್ಗೆ ನಡೆದಿರಲಿಲ್ಲ.

ಮಿಕೇ ಅವರ ಕೆಲಸವು 2019ರಿಂದ ಗ್ರಾಫೀನ್ ಓಎಸ್ ಎಂಬ ಹೆಸರಿನಲ್ಲಿ ಮುಂದುವರಿಯಿತು. 2023ರಲ್ಲಿ ಅದಕ್ಕೆ ಕೆನಡಾದಲ್ಲಿ ಒಂದು ಪ್ರತಿಷ್ಠಾನದ ರೂಪ ದೊರಕಿ, ಅದೇ ವರ್ಷ ಮಿಕೇ ಅವರು ಮುಖ್ಯ ಅಭಿವೃದ್ಧಿಕಾರನ ಸ್ಥಾನದಿಂದ ಹಿಂದೆ ಸರಿದರು. ಈ ವ್ಯವಸ್ಥೆಯು ನೆಲೆಯೂರಿದ್ದು ಗೂಗಲಿನ ಪಿಕ್ಸೆಲ್ ಫೋನುಗಳ ಮೇಲೆ. ಗೂಗಲಿನ ಕಣ್ಣಿನಿಂದ ತಪ್ಪಿಸಿಕೊಳ್ಳಲು ಗೂಗಲಿನ ಫೋನನ್ನೇ ಕೊಳ್ಳಬೇಕೆಂಬುದು ವಿಚಿತ್ರವೆನಿಸಿದರೂ ಕಾರಣ ಸರಳವಾಗಿದೆ. ಬೀಗವನ್ನು ತೆರೆದು, ಬೇರೆಯವರ ಸಹಿಗೆ ಹೊಂದಿಸಿ, ಮತ್ತೆ ಮುಚ್ಚಲು ಪೂರ್ಣ ಅವಕಾಶ ಕೊಟ್ಟ ವಿರಳ ಫೋನುಗಳಲ್ಲಿ ಪಿಕ್ಸೆಲ್ ಒಂದು. ಸಂಕೇತಪದವನ್ನು ಕಾಯುವ ಪ್ರತ್ಯೇಕ ಚಿಪ್ 2017ರಿಂದ, ಸ್ಮರಣೆಯ ದುರ್ಬಳಕೆಯನ್ನು ಯಂತ್ರಾಂಶದ ಮಟ್ಟದಲ್ಲಿಯೇ ಪತ್ತೆಹಚ್ಚುವ ಸೌಲಭ್ಯ 2023ರ ಪಿಕ್ಸೆಲ್ 8ರಿಂದ ಅವುಗಳಲ್ಲಿದೆ. ಗ್ರಾಫೀನ್ ಓಎಸ್ ಈ ಎರಡನೆಯದನ್ನು ಗೂಗಲಿಗಿಂತ ಮೊದಲೇ ಎಲ್ಲ ಬಳಕೆದಾರರಿಗೂ ಜಾರಿಗೆ ತಂದಿತು. ಅದರ ತಂಡ ವರದಿ ಮಾಡಿದ ದೋಷಗಳನ್ನು, ತಪಾಸಣಾ ಸಂಸ್ಥೆಗಳು ಬಳಸುತ್ತಿದ್ದಂಥವನ್ನು, ಗೂಗಲ್ 2024ರ ಏಪ್ರಿಲ್ ಪರಿಷ್ಕರಣೆಯಲ್ಲಿ ತಿದ್ದಿತು. ಅದರ ಲಾಭ ಸಾಮಾನ್ಯ ಪಿಕ್ಸೆಲ್ ಬಳಕೆದಾರರಿಗೂ ದೊರಕಿತು. ಭಾರತದ ಮಟ್ಟಿಗೆ ಒಂದು ಮಾತು ಹೇಳಬೇಕು. ಪಿಕ್ಸೆಲ್ 4, 5 ಮತ್ತು 6 ಫೋನುಗಳು ಇಲ್ಲಿ ಬಿಡುಗಡೆಯೇ ಆಗಲಿಲ್ಲ, ದೊರಕಿದವೂ ದುಬಾರಿ. ಅತ್ಯುತ್ತಮ ಭದ್ರತೆಯ ಪರ್ಯಾಯವು ಅದರ ಅಗತ್ಯ ಹೆಚ್ಚಿರುವವರ ಕೈಗೆಟುಕದ ಬೆಲೆಯಲ್ಲಿಯೇ ಉಳಿಯಿತು.

ಸ್ವಾಯತ್ತತೆಯನ್ನೇ ಮೊದಲ ಮೌಲ್ಯವಾಗಿ ಎಣಿಸಿದವರು ಆಂಡ್ರಾಯ್ಡನ್ನೇ ತೊರೆದರು. ಕ್ಯಾನೊನಿಕಲ್ ಸಂಸ್ಥೆ 2013ರಲ್ಲಿ ಪ್ರಕಟಿಸಿದ ಉಬುಂಟು ಫೋನ್ ವ್ಯವಸ್ಥೆ 2017ರಲ್ಲಿ ನಿಂತು ಯುಬಿಪೋರ್ಟ್ಸ್ ಸಮುದಾಯದ ಕೈಸೇರಿತು. ಪ್ಯೂರಿಸಂ ಸಂಸ್ಥೆಯ ಲಿಬ್ರೆಮ್ 5 ಹಾಗೂ ಪೈನ್64ರ ಪೈನ್‌ಫೋನುಗಳಲ್ಲಿ ಮೋಡೆಮ್, ಕ್ಯಾಮೆರಾ, ಮೈಕುಗಳ ವಿದ್ಯುತ್ತನ್ನು ಕಡಿಯುವ ಗುಂಡಿಗಳಿವೆ. ಮೋಡೆಮ್ ಮುಖ್ಯ ಸಂಸ್ಕಾರಕದ ಸ್ಮರಣೆಯನ್ನು ನೇರವಾಗಿ ಮುಟ್ಟದಂತೆ ಬೇರ್ಪಡಿಸಲಾಗಿದೆ. ಈ ಬೇರ್ಪಡಿಕೆ ಅತಿಶಂಕೆಯ ಫಲವಲ್ಲ. ಕೆಲವು ಸ್ಯಾಮ್‌ಸಂಗ್ ಫೋನುಗಳಲ್ಲಿ ಮೋಡೆಮ್ ಕಡೆಯಿಂದ ಬರುವ ಆದೇಶಗಳು ಕಡತಗಳನ್ನು ಓದಿ ಬರೆಯಬಲ್ಲವೆಂದು 2014ರಲ್ಲಿ ರೆಪ್ಲಿಕಂಟ್ ಎಂಬ ಮುಕ್ತ ಯೋಜನೆಯವರು ತೋರಿಸಿದ್ದರು. ಸ್ಯಾಮ್‌ಸಂಗ್ ಅದನ್ನು ಹಿಂಬಾಗಿಲೆಂದು ಒಪ್ಪಲಿಲ್ಲ. ಆದರೂ ಈ ಲಿನಕ್ಸ್ ಫೋನುಗಳಲ್ಲಿ ಒಂದು ಆ್ಯಪ್ ಇನ್ನೊಂದರ ಕಡತಗಳನ್ನು ಕಾಣದಂತೆ ತಡೆಯುವ ಗೋಡೆಗಳು ಆಂಡ್ರಾಯ್ಡ್‌ನಲ್ಲಿರುವಷ್ಟು ಗಟ್ಟಿಯಾಗಿಲ್ಲ. ಮೇಜಿನ ಗಣಕದ ಕಾಲದ ನಂಬಿಕೆಯನ್ನು, ಅಂದರೆ ತಾನು ಹಾಕಿಕೊಂಡ ತಂತ್ರಾಂಶವೆಲ್ಲ ತನ್ನ ಸ್ನೇಹಿತನೆಂಬುದನ್ನು, ಅವು ಇನ್ನೂ ಪೂರ್ತಿಯಾಗಿ ಬಿಟ್ಟಿಲ್ಲ. ಇವನ್ನು ಸ್ವತಂತ್ರವೆಂದು ಕರೆಯುವುದು ಸರಿ. ಹೆಚ್ಚು ಸುರಕ್ಷಿತವೆಂದು ಪ್ರಚಾರ ಮಾಡುವುದು ಸರಿಯಲ್ಲ.

ಖಾಸಗಿತನದ ವಿಷಯದಲ್ಲಿ ಬರಿಯ ವಾದಕ್ಕಿಂತ ಅಳತೆಗೆ ಬೆಲೆ ಹೆಚ್ಚು. ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಡಗ್ಲಸ್ ಲೀತ್ ಅವರು 2021ರಲ್ಲಿ ನಡೆಸಿದ ಅಳತೆಯಂತೆ, ಬಳಸದೆ ಸುಮ್ಮನೆ ಇಟ್ಟ ಐಫೋನು ಮತ್ತು ಪಿಕ್ಸೆಲ್ ಎರಡೂ ಸರಾಸರಿ 4.5 ನಿಮಿಷಕ್ಕೊಮ್ಮೆ ತಮ್ಮ ಸಂಸ್ಥೆಗಳಿಗೆ ಮಾಹಿತಿ ಕಳುಹಿಸುತ್ತಿದ್ದವು. ಅಳತೆಯ ವಿಧಾನವನ್ನು ಗೂಗಲ್ ಪ್ರಶ್ನಿಸಿತು. ಅದೇ ವರ್ಷ ಲೀತ್ ಮತ್ತು ಎಡಿನ್‌ಬರೋ ವಿಶ್ವವಿದ್ಯಾಲಯದ ಸಂಶೋಧಕರು ಸೇರಿ ಸ್ಯಾಮ್‌ಸಂಗ್, ಶಿಯೋಮಿ, ಹುವಾವೇ, ರಿಯಲ್‌ಮಿ ಫೋನುಗಳ ಜೊತೆಗೆ ಲಿನಿಯೇಜ್ ಓಎಸ್ ಮತ್ತು /ಇ/ಓಎಸ್‌ಗಳನ್ನೂ ಅಳೆದರು. ಇವುಗಳಲ್ಲಿ /ಇ/ಓಎಸ್ ಒಂದೇ ಬಹುತೇಕ ಏನನ್ನೂ ಕಳುಹಿಸಲಿಲ್ಲ. ಗೂಗಲಿನ ಆ್ಯಪ್‌ಗಳನ್ನು ಸೇರಿಸಿಕೊಂಡಿದ್ದ ಲಿನಿಯೇಜ್ ಗೂಗಲಿಗೆ ಮಾಹಿತಿ ಕಳುಹಿಸುತ್ತಲೇ ಇತ್ತು. ಮ್ಯಾಂಡ್ರೇಕ್ ಲಿನಕ್ಸ್‌ನ ಸ್ಥಾಪಕ ಗೇಲ್ ದುವಾಲ್ ಅವರು ಆರಂಭಿಸಿದ /ಇ/ಓಎಸ್ ಗೂಗಲ್ ಸೇವೆಗಳ ಜಾಗದಲ್ಲಿ ಮೈಕ್ರೋಜಿ ಎಂಬ ಮುಕ್ತ ಅನುಕರಣೆಯನ್ನು ಇರಿಸುತ್ತದೆ. ಗ್ರಾಫೀನ್ ಓಎಸ್ ಗೂಗಲಿನ ನಿಜವಾದ ಸೇವೆಗಳನ್ನೇ ವಿಶೇಷ ಅಧಿಕಾರವಿಲ್ಲದ ಸಾಮಾನ್ಯ ಆ್ಯಪ್‌ಗಳಂತೆ ಗೋಡೆಯೊಳಗೆ ಇರಿಸುತ್ತದೆ. ಮೊದಲನೆಯದು ಅತಿಥಿಯನ್ನೇ ಬದಲಿಸುತ್ತದೆ, ಎರಡನೆಯದು ಅತಿಥಿಯನ್ನು ಜಗಲಿಯಲ್ಲಿ ಕೂರಿಸುತ್ತದೆ. ಭದ್ರತೆಯ ಅಳತೆಗೋಲಿನಲ್ಲಿ ಎರಡನೆಯದೇ ಮೇಲು. ಸ್ವಾಯತ್ತತೆಯ ಅಳತೆಗೋಲಿನಲ್ಲಿ ಮೊದಲನೆಯದರ ವಾದಕ್ಕೂ ತೂಕವಿದೆ.

ರಾಷ್ಟ್ರಗಳು ಸ್ವಾಯತ್ತತೆಯೆನ್ನುವಾಗ ಅರ್ಥ ಬೇರೆಯಾಗುತ್ತದೆ. 2019ರ ಮೇ ತಿಂಗಳಿನಲ್ಲಿ ಅಮೆರಿಕ ಸರ್ಕಾರವು ಹುವಾವೇ ಸಂಸ್ಥೆಯನ್ನು ನಿರ್ಬಂಧದ ಪಟ್ಟಿಗೆ ಸೇರಿಸಿದಾಗ ಅದರ ಹೊಸ ಫೋನುಗಳು ಗೂಗಲ್ ಸೇವೆಗಳನ್ನು ಕಳೆದುಕೊಂಡವು. ಆ ಆಗಸ್ಟ್‌ನಲ್ಲಿ ಪ್ರಕಟವಾದ ಹಾರ್ಮನಿ ಓಎಸ್ ಮೊದಲಿಗೆ ಆಂಡ್ರಾಯ್ಡ್ ಸಂಕೇತವನ್ನು ಆಧರಿಸಿದ್ದು, 2024ರ ಆವೃತ್ತಿಯಲ್ಲಿ ಅದನ್ನು ಪೂರ್ತಿಯಾಗಿ ಕಳಚಿಕೊಂಡಿತು. ನೋಕಿಯಾದ ಮಾಜಿ ಉದ್ಯೋಗಿಗಳು ಫಿನ್‌ಲ್ಯಾಂಡಿನಲ್ಲಿ ಕಟ್ಟಿದ ಸೇಲ್‌ಫಿಶ್ ಓಎಸ್ ರಷ್ಯಾದಲ್ಲಿ ಅರೋರಾ ಎಂಬ ಸರ್ಕಾರಿ ಬಳಕೆಯ ವ್ಯವಸ್ಥೆಯಾಯಿತು. ಭಾರತದಲ್ಲಿ ಐಐಟಿ ಮದ್ರಾಸಿನ ಆಶ್ರಯದ ಸಂಸ್ಥೆಯೊಂದು ರೂಪಿಸಿದ ಭಾರ್‌ಓಎಸ್‌ಅನ್ನು 2023ರ ಜನವರಿ 24ರಂದು ಕೇಂದ್ರ ಸಚಿವರಾದ ಅಶ್ವಿನಿ ವೈಷ್ಣವ್ ಮತ್ತು ಧರ್ಮೇಂದ್ರ ಪ್ರಧಾನ್ ಪರೀಕ್ಷಿಸಿ ನೋಡಿದರು. ಮೊದಲೇ ತುಂಬಿಟ್ಟ ಆ್ಯಪ್‌ಗಳಿಲ್ಲದಿರುವುದು, ಸಂಸ್ಥೆಗಳು ತಾವೇ ಪರಿಶೀಲಿಸಿದ ಖಾಸಗಿ ಆ್ಯಪ್ ಅಂಗಡಿಗಳಿರುವುದು ಅದರ ವೈಶಿಷ್ಟ್ಯಗಳು. ಅದರ ತಳಹದಿ ಆಂಡ್ರಾಯ್ಡ್‌ನ ಮುಕ್ತ ಸಂಕೇತವೇ. ಇದರಲ್ಲಿ ಲಜ್ಜೆಪಡಬೇಕಾದುದೇನೂ ಇಲ್ಲ. ಗ್ರಾಫೀನ್ ಓಎಸ್‌ನ ತಳಹದಿಯೂ ಅದೇ. ಸ್ವದೇಶಿ ಎಂಬ ಪದವನ್ನು ಬಳಸುವಾಗ ಮಾತ್ರ ಯಾವ ಪದರ ಸ್ವದೇಶಿ, ಸಹಿಯ ಕೀಲಿ ಯಾರ ವಶದಲ್ಲಿದೆ, ಸಂಕೇತವನ್ನು ಹೊರಗಿನವರು ಪರಿಶೀಲಿಸಬಹುದೇ ಎಂಬ ಪ್ರಶ್ನೆಗಳನ್ನು ಕೇಳಬೇಕು. ರಾಷ್ಟ್ರದ ಸ್ವಾಯತ್ತತೆ ಪ್ರಜೆಯ ಖಾಸಗಿತನವನ್ನು ತಾನಾಗಿಯೇ ತರುವುದಿಲ್ಲ. ಪೆಗಾಸಸ್ ಗೂಢಚರ್ಯೆಯ ಆರೋಪಗಳನ್ನು ಪರಿಶೀಲಿಸಲು ಸರ್ವೋಚ್ಚ ನ್ಯಾಯಾಲಯವು 2021ರ ಅಕ್ಟೋಬರಿನಲ್ಲಿ ನೇಮಿಸಿದ ಸಮಿತಿಯು ನಿವೃತ್ತ ನ್ಯಾಯಮೂರ್ತಿ ಆರ್. ವಿ. ರವೀಂದ್ರನ್ ಅವರ ಮೇಲ್ವಿಚಾರಣೆಯಲ್ಲಿ 29 ಫೋನುಗಳನ್ನು ಪರೀಕ್ಷಿಸಿತು. ಐದರಲ್ಲಿ ಕುತಂತ್ರಾಂಶ ಕಂಡುಬಂದರೂ ಅದು ಪೆಗಾಸಸ್ ಎಂಬುದಕ್ಕೆ ನಿರ್ಣಾಯಕ ಸಾಕ್ಷ್ಯ ದೊರಕಲಿಲ್ಲವೆಂದೂ, ಕೇಂದ್ರ ಸರ್ಕಾರ ಸಹಕರಿಸಲಿಲ್ಲವೆಂದೂ 2022ರ ಆಗಸ್ಟ್‌ನಲ್ಲಿ ನ್ಯಾಯಾಲಯದಲ್ಲಿ ತಿಳಿಸಲಾಯಿತು.

ಭಾರತೀಯ ಬಳಕೆದಾರನಿಗೆ ಇವೆಲ್ಲಕ್ಕಿಂತ ಹತ್ತಿರದ ತೊಡಕು ಬ್ಯಾಂಕಿನದು. 2016ರಲ್ಲಿ ಆರಂಭವಾದ ಯುಪಿಐ ಪಾವತಿಯು ತರಕಾರಿ ಗಾಡಿಯಿಂದ ಹಿಡಿದು ದೇವಾಲಯದ ಹುಂಡಿಯವರೆಗೆ ಹಬ್ಬಿದೆ. ಪಾವತಿ ಮತ್ತು ಬ್ಯಾಂಕ್ ಆ್ಯಪ್‌ಗಳಲ್ಲಿ ಹಲವು, ಫೋನು ಗೂಗಲಿನ ಮಾನ್ಯತೆ ಪಡೆದ ಸ್ಥಿತಿಯಲ್ಲಿದೆಯೇ ಎಂದು ಗೂಗಲಿನ ಸೇವೆಯನ್ನೇ ಕೇಳುತ್ತವೆ. ಮಾನ್ಯತೆ ಇಲ್ಲವೆಂದರೆ ತೆರೆಯಲು ನಿರಾಕರಿಸುತ್ತವೆ. ವರ್ಷಗಟ್ಟಲೆ ಪರಿಷ್ಕರಣೆ ಕಾಣದ ಹಳೆಯ ಫೋನು ಮಾನ್ಯತೆಯ ಬಲದಿಂದ ಈ ಪರೀಕ್ಷೆಯನ್ನು ದಾಟಬಲ್ಲುದು. ಪ್ರತಿ ತಿಂಗಳೂ ಪರಿಷ್ಕೃತವಾಗುವ, ಬೀಗ ಭದ್ರವಾಗಿರುವ ಗ್ರಾಫೀನ್ ಫೋನು ಅದರ ಮೇಲಿನ ಹಂತಗಳಲ್ಲಿ ಸೋಲುತ್ತದೆ. ಇಲ್ಲಿ ಪರೀಕ್ಷೆಗೊಳಗಾಗುತ್ತಿರುವುದು ಭದ್ರತೆಯಲ್ಲ, ನಿಷ್ಠೆ. ಯಂತ್ರಾಂಶದ ಮೂಲಕ ವ್ಯವಸ್ಥೆಯ ಸಹಿಯನ್ನು ನೇರವಾಗಿ ಪರಿಶೀಲಿಸುವ ಬೇರೊಂದು ವಿಧಾನ ಆಂಡ್ರಾಯ್ಡ್‌ನಲ್ಲಿಯೇ ಇದೆ. ಅದನ್ನು ಬಳಸಿದರೆ ಬ್ಯಾಂಕುಗಳು ಯಾವ ಪರ್ಯಾಯ ವ್ಯವಸ್ಥೆಯನ್ನು ನಂಬಬೇಕೆಂದು ತಾವೇ ನಿರ್ಧರಿಸಬಹುದು. ಈ ದಿಕ್ಕಿನಲ್ಲಿ ನೀತಿ ರೂಪಿಸುವ ಅವಕಾಶ ಸಾರ್ವಜನಿಕ ಸಂಸ್ಥೆಗಳಿಗಿದೆ.

2025ರಲ್ಲಿ ತೂಬಿನ ಕೈ ಇನ್ನಷ್ಟು ಬಿಗಿಯಾಯಿತು. ಮಾರ್ಚಿನಲ್ಲಿ ಗೂಗಲ್ ಆಂಡ್ರಾಯ್ಡ್‌ನ ಬೆಳವಣಿಗೆಯ ಕೆಲಸವನ್ನು ಸಂಪೂರ್ಣವಾಗಿ ಒಳಗೇ ನಡೆಸಿ, ಸಿದ್ಧವಾದ ಮೇಲಷ್ಟೇ ಸಂಕೇತವನ್ನು ಪ್ರಕಟಿಸುವುದಾಗಿ ಹೇಳಿತು. ಜೂನಿನಲ್ಲಿ ಆಂಡ್ರಾಯ್ಡ್ 16ರ ಸಂಕೇತ ಹೊರಬಂದಾಗ, ಅದುವರೆಗೆ ಜೊತೆಯಲ್ಲಿ ಬರುತ್ತಿದ್ದ ಪಿಕ್ಸೆಲ್ ಫೋನುಗಳ ಯಂತ್ರಾಂಶ ವಿವರಗಳ ಕಡತಗಳು ಅದರಲ್ಲಿರಲಿಲ್ಲ. ಪರ್ಯಾಯ ವ್ಯವಸ್ಥೆಗಳ ಅಭಿವೃದ್ಧಿಕಾರರು ಅವನ್ನು ತಾವೇ ಕಟ್ಟಿಕೊಳ್ಳಬೇಕಾಯಿತು. ಆಗಸ್ಟ್‌ನಲ್ಲಿ, ಮಾನ್ಯತೆ ಪಡೆದ ಫೋನುಗಳಲ್ಲಿ ಹೊರಗಿನಿಂದ ಹಾಕಿಕೊಳ್ಳುವ ಆ್ಯಪ್‌ಗಳಿಗೂ ಗೂಗಲಿನಲ್ಲಿ ಗುರುತು ದಾಖಲಿಸಿದ ಅಭಿವೃದ್ಧಿಕಾರರೇ ಬೇಕೆಂಬ ನಿಯಮವನ್ನು 2026ರ ಸೆಪ್ಟೆಂಬರಿನಿಂದ ಬ್ರೆಜಿಲ್, ಇಂಡೊನೇಷ್ಯಾ, ಸಿಂಗಪುರ, ಥಾಯ್ಲೆಂಡ್‌ಗಳಲ್ಲಿ ಆರಂಭಿಸುವುದಾಗಿ ಗೂಗಲ್ ಪ್ರಕಟಿಸಿತು; ಆಕ್ಷೇಪಗಳ ಬಳಿಕ ಅನುಭವಿ ಬಳಕೆದಾರರಿಗೆ ಬೇರೊಂದು ದಾರಿ ಇರಿಸುವುದಾಗಿಯೂ ತಿಳಿಸಿತು. ಅದೇ ಆಗಸ್ಟ್‌ನಲ್ಲಿ ಕ್ಯಾಲಿಕ್ಸ್ ಓಎಸ್ ಎಂಬ ಮತ್ತೊಂದು ಪರ್ಯಾಯ ವ್ಯವಸ್ಥೆಯು ಪ್ರಮುಖರು ಹೊರನಡೆದ ಹಿನ್ನೆಲೆಯಲ್ಲಿ ಪರಿಷ್ಕರಣೆಗಳನ್ನು ತಡೆಹಿಡಿಯಿತು. ಕೀಲಿಗಳು ಅನ್ಯರ ಕೈಸೇರಿದ ಸೂಚನೆಯಿಲ್ಲವೆಂದು ಹೇಳಿದರೂ, ಸಹಿ ಹಾಕುವ ಪದ್ಧತಿಯನ್ನು ಹೊಸದಾಗಿ ರೂಪಿಸುವ ಕೆಲಸಕ್ಕೆ ಅದು ಕೈಹಾಕಿತು.